ಬಿಸಿಲು ತಿದ್ದುವ ಸೋಮಲಿಂಗಪ್ಪ

ಬೆಳಿಗ್ಗೆ ಆರೂವರೆ. ವಿಜಯನಗರದ ಒಂದು ಮನೆಯೆದುರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಸೋಮಲಿಂಗಪ್ಪ ಮೋಡ ನೋಡುತ್ತ ನಿಂತಿದ್ದಾರೆ. ಕ್ಯಾರಿಯರಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಡ್ರಾಯಿಂಗ್ ಹಲಗೆ. ಆಷಾಢದ ಸೂರ್ಯನನ್ನು ನಂಬುವಂತಿಲ್ಲ. ನಿನ್ನೆಯೂ ಇದೇ ಗೇಟಿನ ಮುಂದೆ ಮುಕ್ಕಾಲು ಗಂಟೆ ಕಾಯಿಸಿ ಕೈಕೊಟ್ಟಿದ್ದಾನೆ. ರಂಗೋಲಿ ಹಾಕಲು ಬಂದಾಕೆ ಈ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು, ಅವರಿಗೆ ಅನುಮಾನ.

“ಯಾರು ನೀವು, ಕಂದಾಯದೋರಾ?”

“ಅಲ್ಲಮ್ಮ, ಈ ಮನೆ ಚಿತ್ರ ಬರೆದೋನು. ಬಿಸಿಲು ಎಲ್ಲಿಗೆ ಬೀಳುತ್ತೆ ಅಂತ ನೋಡ್ಕೊಂಡು ಹೋಗ್ತೀನಿ.”

ಹೀಗಂದರೆ ಆಕೆಯಾದರೂ ಏನೆಂದುಕೊಳ್ಳಬೇಕು ಪಾಪ! ಆದರೆ ಈ ಮನುಷ್ಯನಿಗೆ ಅದು ನಿಜವಾಗಿಯೂ ಕೆಲಸ. ರಾಜಾಜಿನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಆರ್ಕಿಟೆಕ್ಟ್ ಪುರುಷೋತ್ತಮ ಅವರ ಕಚೇರಿ ಇದೆ. ಸೋಮಲಿಂಗಪ್ಪ ಅಲ್ಲಿ ಹದಿಮೂರು ವರ್ಷದಿಂದ ಡ್ರಾಫ್ಟ್ಸ್‌ಮನ್. ಆಷಾಢದಲ್ಲಿ ಗುದ್ದಲಿಪೂಜೆ ಮಾಡುವವರಿಲ್ಲ, ಕಚೇರಿ ಭಣಭಣ. ಆಗ ಇವರು ಗಿರಾಕಿಗಳಿಗೆ ತೋರಿಸುವ ಆಲ್ಬಮ್ ಬಿಚ್ಚಿ ಕೂರುತ್ತಾರೆ. ಅದರಲ್ಲಿರುವುದು ಕಚೇರಿಯವರು ಕಟ್ಟಿಸಿದ ಮನೆಗಳ ಮೂವತ್ತೊಂದು ನೀರುಬಣ್ಣದ ಚಿತ್ರಗಳು. ದಿನಕ್ಕೆ ಎರಡು ಮನೆ ನೋಡಿ ಬರುವುದು, ಒಂದು ಚಿತ್ರ ಹೊಸದಾಗಿ ಬರೆಯುವುದು. ಮಾಸಿದ ಬಣ್ಣ ಹೋಗಿ, ಮನೆಯವರು ನೆಟ್ಟ ತೆಂಗು, ಆಮೇಲೆ ಹಾಕಿಸಿದ ಗ್ರಿಲ್ಲು ಎಲ್ಲ ಒಳಗೆ ಬರುತ್ತವೆ.

ನಾಯಂಡಹಳ್ಳಿಯಲ್ಲಿ ಲಾರಿಗಳಿಗೆ ಹೆಸರು ಬರೆಯುತ್ತಿದ್ದವರು ಇವರು. ಅಕ್ಷರ ನೋಡಿ ಪುರುಷೋತ್ತಮ ಕರೆದುಕೊಂಡು ಬಂದರು. “ಸಾರ್ ಕೈ ಹಿಡಿದು ಗೆರೆ ಎಳೆಯೋದು ಕಲಿಸಿದ್ರು. ಆದ್ರೆ ಬಿಸಿಲು ಕಲಿಸಿದ್ದು ಯಶೋದಮ್ಮನೋರು,” ಎನ್ನುತ್ತಾರೆ.

ಅದೊಂದು ಎಡವಟ್ಟಿನ ಕತೆ. ಶುರುವಿನಲ್ಲಿ ಸೋಮಲಿಂಗಪ್ಪ ಮನೆ ಯಾವ ದಿಕ್ಕಿಗಿದ್ದರೂ ಎಡಗಡೆಯಿಂದಲೇ ಬಿಸಿಲು ಬರೆಯುತ್ತಿದ್ದರು. ಹಾಗೆ ಬರೆದರೆ ಚಿತ್ರ ಚೆಂದ! ಮನೆ ಕಟ್ಟಿಸಲು ಬಂದಿದ್ದ ಯಶೋದಮ್ಮನವರ ಚಿತ್ರದಲ್ಲಿ ಅಂಗಳಕ್ಕೆ ರಂಗೋಲಿ, ಜಗಲಿಯ ತುಂಬ ಎಳೆಬಿಸಿಲು. ಮಂಡಿನೋವಿನ ಅತ್ತೆಗೆ ಬೆಳಿಗ್ಗೆ ಕೂರಲು ಹೇಳಿ ಮಾಡಿಸಿದ ಜಾಗವೆಂದು ಆಕೆ ಅದನ್ನೇ ಒಪ್ಪಿದರು. ನಿವೇಶನ ಪಶ್ಚಿಮಕ್ಕೆ ಮುಖ ಮಾಡಿತ್ತು. ಗೃಹಪ್ರವೇಶವಾದ ಮೇಲೆ ಅಜ್ಜಿ ಚಾಪೆ ಹಾಸಿಕೊಂಡು ಕಾದದ್ದೇ ಬಂತು.

“ಯಶೋದಮ್ಮನೋರು ಕಚೇರಿಗೇ ಬಂದು ಕೇಳಿದ್ರು, ‘ನೀವು ಬರೆದ ಬಿಸಿಲು ಎಲ್ಲಪ್ಪಾ?’ ಅಂತ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.” ಮಾರನೆಯ ಭಾನುವಾರ ಸೋಮಲಿಂಗಪ್ಪ ತಾವೇ ಹೋಗಿ, ಹಿತ್ತಿಲಲ್ಲಿ ಮೂಡಣದ ಬಿಸಿಲು ಬೀಳುವ ಜಾಗ ಹುಡುಕಿ, ಕಲ್ಲುಚಪ್ಪಡಿಯ ಬೆಂಚು ಕೂರಿಸಿಕೊಟ್ಟರು. ಅಜ್ಜಿ ತೀರಿಕೊಳ್ಳುವವರೆಗೂ ಅಲ್ಲೇ ಕೂರುತ್ತಿದ್ದರಂತೆ. “ಬೈದು ಕಳಿಸ್ಬೋದಿತ್ತು. ಕಾಫಿ ಕೊಟ್ರು. ಆ ಋಣ ಹೇಗೆ ತೀರಿಸ್ಲಿ?” ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ.

ಅಂದಿನಿಂದ ಪ್ರತಿ ಆಷಾಢದಲ್ಲೂ ಮನೆಮನೆ ಸುತ್ತಿ ಬಿಸಿಲು ತಿದ್ದುವ ವ್ರತ. “ನೆರಳು ಆಮೇಲೂ ಹಾಕ್ಬೋದು. ಬಿಸಿಲಿಗೆ ಮಾತ್ರ ಬಿಳಿ ಕಾಗದ ಮೊದಲೇ ಉಳಿಸ್ಕೋಬೇಕು.”

ಈ ವರ್ಷ ಮಾತ್ರ ಎದೆಯಲ್ಲಿ ಅಳುಕಿತ್ತು. ಯುಗಾದಿಯಿಂದ ಒಂದೂ ಹೊಸ ಮನೆಯ ಕೆಲಸ ಬಂದಿರಲಿಲ್ಲ. ಶ್ರಾವಣಕ್ಕೂ ಬರದಿದ್ದರೆ ಕಚೇರಿ ಮುಚ್ಚುವುದೇ ಎಂದು ಪುರುಷೋತ್ತಮ ಹೇಳಿಬಿಟ್ಟಿದ್ದರು. ನಲವತ್ತೇಳರ ವಯಸ್ಸಿನಲ್ಲಿ ಮತ್ತೆ ಲಾರಿಗಳ ಹಿಂದೆ ನಿಲ್ಲಬೇಕೇ?

ಅಷ್ಟರಲ್ಲಿ, ಮೊನ್ನೆ ಸೋಮವಾರ ಯಶೋದಮ್ಮ ತಮ್ಮನನ್ನು ಕರೆತಂದರು. ಹೆಸರು ಚನ್ನಕೇಶವ, ಬಸವೇಶ್ವರನಗರದಲ್ಲಿ ನಿವೇಶನವಿದೆ. ಮನೆ ಶುರುಮಾಡಲು ಆಷಾಢ ಬೇಡ, ನೋಡುವುದಕ್ಕೇನಂತೆ! ಆಲ್ಬಮ್ ತಿರುಗಿಸುತ್ತಿದ್ದವರು ಒಂದು ಚಿತ್ರದ ಬಳಿ ಮುಖ ಸಿಂಡರಿಸಿದರು. “ಇದೇನು ಸಾರ್, ಬೆಳಿಗ್ಗೆ ಹೊತ್ತಲ್ಲಿ ಮುಂದುಗಡೆ ಇಷ್ಟು ಕತ್ತಲೆ?”

ಪುರುಷೋತ್ತಮ ಅವರ ಮುಖ ಇಳಿದುಹೋಯಿತು. ಯಶೋದಮ್ಮ ನಕ್ಕುಬಿಟ್ಟರು.

“ನಮ್ಮನೆ ಕಣೋ ಅದು. ಬೆಳಿಗ್ಗೆ ಹಾಗೇ ಇರುತ್ತೆ. ಇವರು ಇಲ್ಲದ ಬಿಸಿಲು ಬರೆಯಲ್ಲ. ಇವರ ಹತ್ರಾನೇ ಕಟ್ಟಿಸು.”

ಚನ್ನಕೇಶವ ಇನ್ನೊಮ್ಮೆ ಚಿತ್ರ ನೋಡಿದರು, ಆಮೇಲೆ ಅಕ್ಕನ ಮುಖ ನೋಡಿದರು. ಶ್ರಾವಣದ ಮೊದಲ ವಾರಕ್ಕೇ ಗುದ್ದಲಿಪೂಜೆ ನಿಕ್ಕಿಯಾಗಿದೆ. ಕಚೇರಿಯ ಬಾಗಿಲು ಸದ್ಯಕ್ಕಂತೂ ಮುಚ್ಚುವುದಿಲ್ಲ.

ಹೊಸ ಹಾಳೆ ಹಲಗೆಗೆ ಅಂಟಿಸುವ ಮೊದಲು ಸೋಮಲಿಂಗಪ್ಪ ಚನ್ನಕೇಶವ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮನೇಲಿ ಬೆಳಿಗ್ಗೆ ಮೊದಲು ಏಳೋರು ಯಾರು ಸಾರ್?”

“ನಮ್ಮಮ್ಮ. ಯಾಕೆ?”

“ಅವರು ಎಲ್ಲಿ ಕೂತ್ಕೋತಾರೆ ಹೇಳಿ. ಅಷ್ಟು ಜಾಗ ಬಿಳಿ ಬಿಟ್ಕೊಂಡು ಶುರು ಮಾಡ್ತೀನಿ.”