ಪಾಳಿಗಿಟ್ಟ ಕಲ್ಲು

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರಕ್ಕೆ ಒಂದು ವಾಸನೆ ಇರುತ್ತದೆ. ತುಟಿ ಒಡೆದು ಬಾಯಿಗೆ ರಕ್ತ ಬಂದಾಗಲೂ ಅದೇ ವಾಸನೆ. ಹೋದ ವಾರ ಹಳೆಯ ಪಾತ್ರೆ ಸರಿಮಾಡುವವನು ಓಣಿಗೆ ಬಂದಿದ್ದ. ಅಟ್ಟದ ಮೇಲಿದ್ದ ನನ್ನ ತಾಮ್ರದ ಕೊಡವನ್ನು ಇಳಿಸಿ, ತಿಕ್ಕಿ, ಅವನ ಮುಂದಿಟ್ಟೆ. ಅವನು ಅದನ್ನು ತೊಡೆಯ ಮೇಲೆ ತಿರುಗಿಸಿ ನೋಡಿ, ಹೊಟ್ಟೆಯ ಭಾಗದ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಬಿದ್ದ ಆದ ತಗ್ಗ ಅಲ್ಲ ಬಿಡ್ರಿ ಯವ್ವಾ. ಯಾವುದಕ್ಕೋ ಜೋರಲೆ ಬಡದೀರಿ" ಅಂದ.

ಯಾವುದಕ್ಕೂ ಅಲ್ಲ, ಯಾರಿಗೋ ಬಡಿದಿದ್ದೆ.

ಆಕೆಯನ್ನು ಓಣಿಯವರೆಲ್ಲ ಮೂಲಿಮನಿ ಅಕ್ಕ ಅನ್ನುತ್ತಿದ್ದರು. ನಾನು ಬೇವೂರಿನಿಂದ ಇಳಕಲ್ಲಿನ ನೇಕಾರರ ಓಣಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ಆಕೆಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದ. ಮಗ ಮಗ್ಗದ ಮೇಲೆ ಕೂಡುತ್ತಿದ್ದ, ಆಕೆ ನಾಲ್ಕಾರು ಮನೆಗಳಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಆದರೆ ಆಕೆಯ ನಿಜವಾದ ಉದ್ಯೋಗ ಬೇರೆಯೇ ಇತ್ತು. ಓಣಿಯ ಬಾಯಿಗೆ ಕೈಯಿಂದ ಜಗ್ಗುವ ಒಂದು ಬೋರಿಂಗು, ನಲವತ್ತು ಮನೆಗೆ ಅದೊಂದೇ. ಅದರ ಯಜಮಾನಿಕೆ ಆಕೆಯದು. ಯಾರು ಕೊಟ್ಟರು ಎಂದು ಕೇಳಿದರೆ ಯಾರೂ ಕೊಟ್ಟಿರಲಿಲ್ಲ, ಆಕೆಯೇ ತೆಗೆದುಕೊಂಡಿದ್ದಳು.

ಬೇಸಿಗೆಯಲ್ಲಿ ಆ ಬೋರಿಂಗು ಹದಿನೆಂಟು ಇಪ್ಪತ್ತು ಕೊಡ ಕೊಟ್ಟು, ಆಮೇಲೆ ಬರೀ ಗಾಳಿ ಉಗುಳುತ್ತಿತ್ತು. ಮಧ್ಯಾಹ್ನದವರೆಗೆ ಬಿಟ್ಟರೆ ಮತ್ತೆ ಅಷ್ಟು. ಅದಕ್ಕೇ ಪಾಳಿ. ಕೊಡ ಇಟ್ಟು ಹೋದರೆ ಕಳುವಾಗುತ್ತದೆಂದು ಮನೆಗೊಂದು ಕಲ್ಲು ಗೊತ್ತುಮಾಡಿದ್ದರು. ಸಂಜೆ ಕಲ್ಲುಗಳನ್ನು ಸಾಲಾಗಿ ಇಟ್ಟು ಹೋಗಬೇಕು, ಬೆಳಗ್ಗೆ ಬಂದು ಅವರವರ ಕಲ್ಲಿನ ಹಿಂದೆ ನಿಲ್ಲಬೇಕು. ನಮ್ಮದು ಮೈದುನ ಕ್ವಾರಿಯಿಂದ ತಂದಿದ್ದ ಕೆಂಪು ಗ್ರಾನೈಟಿನ ಚೂರು, ಒಂದು ಬದಿ ಕನ್ನಡಿಯಂತೆ ನುಣುಪು. ಸಾಲಿಗೆ ಇಟ್ಟ ಮೇಲೆ ಕಲ್ಲು ಮುಟ್ಟುವ ಹಕ್ಕು ಅಕ್ಕನೊಬ್ಬಳಿಗೇ. ಎರಡು ಮನೆಗಳಿಗೆ ಮಾತ್ರ ಪಾಳಿ ಇರಲಿಲ್ಲ, ಬಾಣಂತಿ ಇದ್ದ ಮನೆಗೆ ಮತ್ತು ಹೆಣ ಇದ್ದ ಮನೆಗೆ. ಅವರ ಕಲ್ಲನ್ನು ಆಕೆಯೇ ಎತ್ತಿ ಬೋರಿಂಗಿನ ಬುಡಕ್ಕೆ ಇಡುತ್ತಿದ್ದಳು. ಜಡ್ಡು, ಕಾಯಿಲೆ ಎಂದು ಯಾರಾದರೂ ಅತ್ತರೆ, ಬೇಸಿಗೆಯಲ್ಲಿ ಜಡ್ಡಿಲ್ಲದ ಮನೆ ತೋರಿಸು ಎಂದು ಅಟ್ಟುತ್ತಿದ್ದಳು.

ಇಷ್ಟೆಲ್ಲ ಕಟ್ಟುನಿಟ್ಟು ಇದ್ದರೂ ಹೊಡೆದಾಟ ತಪ್ಪಿದ ದಿನ ಕಡಿಮೆ. ಜಡೆ ಹಿಡಿದು ಎಳೆಯುವುದು, ಮೊಣಕೈಯಿಂದ ಎದೆಗೆ ತಿವಿಯುವುದು ಲೆಕ್ಕಕ್ಕೇ ಇರಲಿಲ್ಲ. ಒಬ್ಬಾಕೆ ಇನ್ನೊಬ್ಬಾಕೆಯ ತೋಳು ಕಚ್ಚಿದ್ದು ಕೀವಾಗಿ ಹದಿನೈದು ದಿನ ದವಾಖಾನೆಗೆ ಅಲೆದದ್ದುಂಟು. ಹಿಡಿಕೆಯ ಸಂದಿನಲ್ಲಿ ಬೆರಳು ಸಿಕ್ಕಿ ಮುರಿದದ್ದುಂಟು. ಒಮ್ಮೆ ಆಚೆ ಓಣಿಯ ಗಂಡಸೊಬ್ಬ ಬಂದು ಆರಾಮವಾಗಿ ಸೈಕಲ್ಲು ತೊಳೆಯುತ್ತಿದ್ದ. ಅಕ್ಕ ಅವನ ಸೈಕಲ್ಲಿನ ಪಂಪು ಕಿತ್ತುಕೊಂಡು ಅದರಿಂದಲೇ ಬೆನ್ನಿಗೆ ಬಾಸುಂಡೆ ಬರುವ ಹಾಗೆ ಬಾರಿಸಿದಳು. ಅವನು ಸೈಕಲ್ಲು ಬಿಟ್ಟು ಓಡಿದ, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ತವರಿನಲ್ಲಿ ಹೊಲದ ಬಾವಿಯಿಂದ ಬೇಕಾದಷ್ಟು ಸೇದಿ ಬೆಳೆದವಳು ನಾನು, ನೀರಿಗೆ ನಿಂತು ಗೊತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಯಾರಿಗೂ ಕಾಣುವುದಿಲ್ಲವೆಂದು ನಮ್ಮ ಕಲ್ಲನ್ನು ಕಾಲಿನಿಂದ ಎರಡು ಕಲ್ಲು ಮುಂದಕ್ಕೆ ದಬ್ಬಿದ್ದೆ. ಅಕ್ಕ ಎಲ್ಲರ ಮುಂದೆ ಕೆನ್ನೆಗೆ ಬಾರಿಸಿ, ಕಲ್ಲನ್ನು ಸಾಲಿನ ಕಟ್ಟಕಡೆಗೆ ಎಸೆದಿದ್ದಳು. ಕೆನ್ನೆಯ ಉರಿ ಸಂಜೆಗೆ ಹೋಯಿತು. ಹೊಟ್ಟೆಯೊಳಗಿನ ಉರಿಯನ್ನು ನಾನು ಎರಡು ವರ್ಷ ಜೋಪಾನ ಮಾಡಿದೆ.

ಮಗಳಿಗೆ ಏಳು ತಿಂಗಳಾಗಿತ್ತು, ಬಿರುಬಿಸಿಲಿನ ದಿನಗಳು. ಒಂದು ಮಧ್ಯಾಹ್ನ ಕೂಸಿಗೆ ವಾಂತಿಭೇದಿ ಹತ್ತಿತು. ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಬಿಡದೆ ಕುಡಿಸಬೇಕು, ಕುಡಿಸುವುದು ನಿಂತರೆ ಕೂಸು ಉಳಿಯುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದರು. ಮನೆಗೆ ಬಂದು ನೋಡುತ್ತೇನೆ, ಇದ್ದ ಒಂದು ಕೊಡ ನೀರನ್ನು ಅತ್ತೆ ಮಗ್ಗದ ಹಾಸಿನ ನೂಲಿಗೆ ಹಚ್ಚುವ ಗಂಜಿಗೆ ಸುರಿದಿದ್ದರು. ನೂಲು ಹಾಸಿಯಾಗಿತ್ತು, ಗಂಜಿ ಕಾಣದಿದ್ದರೆ ಹಾಳು. ಅವರ ಮೇಲೆ ಕೂಗಾಡಿದೆ, ಮಡಕೆ ಎತ್ತಿ ಗೋಡೆಗೆ ಒಗೆದೆ. ಗಂಡ ನನ್ನನ್ನು ಹೊಡೆದ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮೂರು ಮನೆಗಳಿಗೆ ಹೋಗಿ ಒಂದೊಂದು ತಂಬಿಗೆ ನೀರು ಬೇಡಿ ತಂದೆ. ಮೂರು ತಂಬಿಗೆ ಬೆಳತನಕ ಬಂದವು. ಕೂಸು ಅಳುವುದನ್ನೂ ಬಿಟ್ಟಿತ್ತು, ನೆತ್ತಿಯ ಮೆತ್ತನೆ ಜಾಗ ಒಳಗೆ ಇಳಿದಿತ್ತು...

ಬೆಳಕು ಹರಿಯುತ್ತಲೇ ಕೊಡ ಎತ್ತಿಕೊಂಡು ಓಡಿದೆ. ಹಿಂದಿನ ಸಂಜೆ ನಮ್ಮ ಕಲ್ಲು ಹದಿನೇಳನೆಯದಾಗಿತ್ತು. ಗಾಳಿ ಬರುವ ಮುಂಚೆ ಸಿಕ್ಕರೆ ಸಿಕ್ಕೀತು ಅನ್ನುವ ಜಾಗ. ಬೋರಿಂಗಿನ ಸುತ್ತ ಆಗಲೇ ಹೆಂಗಸರು ಮುಕುರಿದ್ದರು. ಸಾಲಿನ ಕಲ್ಲುಗಳನ್ನು ಎಣಿಸಿದೆ. ಹದಿನಾರರ ನಂತರ ಕೆಂಪು ಕಲ್ಲು ಇಲ್ಲ, ಕಲ್ಲು ಎತ್ತಿದ ಗುರುತು ಮಾತ್ರ ಮಣ್ಣಿನಲ್ಲಿ ಇತ್ತು. ಮತ್ತೊಮ್ಮೆ ಎಣಿಸಿದೆ. ಕಟ್ಟಕಡೆಗೆ ಎಸೆದಿದ್ದಾಳೇನೋ ಎಂದು ಅಲ್ಲಿಯೂ ನೋಡಿದೆ, ಇರಲಿಲ್ಲ. ಅಕ್ಕ ನನಗೆ ಬೆನ್ನು ಹಾಕಿ ಹಿಡಿಕೆ ಜಗ್ಗುತ್ತಿದ್ದಳು.

"ಅಕ್ಕಾ, ನನ್ನ ಕಲ್ಲ ಎಲ್ಲಿ?" ಅಂದೆ.

ಬೋರಿಂಗಿನ ಕಿರುಗುಟ್ಟುವ ಸದ್ದಿನಲ್ಲಿ ಆಕೆಗೆ ಕೇಳಲಿಲ್ಲ. ಸೊಕ್ಕಿನಿಂದಲೇ ತಿರುಗುತ್ತಿಲ್ಲ ಅಂದುಕೊಂಡೆ. ಎರಡು ವರ್ಷದ ಉರಿ ಒಮ್ಮೆಲೇ ನೆತ್ತಿಗೇರಿತು. ಹೆಂಗಸರನ್ನು ನುಗ್ಗಿಕೊಂಡು ಹೋಗಿ ಎರಡೂ ಕೈಯಿಂದ ಕೊಡದ ಕಂಠ ಹಿಡಿದು ಬೀಸಿದೆ. ಆಕೆಯ ಎಡಗಿವಿಯ ಹಿಂದೆ ಬಿತ್ತು. ಖಾಲಿ ಕೊಡದ ಸದ್ದು ಓಣಿಯ ಆ ತುದಿಗೂ ಕೇಳಿಸಿತಂತೆ. ಆಕೆ ಮಂಡಿಯೂರಿದಳು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಭುಜಕ್ಕೆ ಇನ್ನೊಂದು ಹಾಕಿದೆ. ಮೂರನೆಯದಕ್ಕೆ ಕೈ ಎತ್ತಿದಾಗ ಯಾರೋ ನನ್ನ ತುರುಬು ಹಿಡಿದು ಜಗ್ಗಿ ಕೆಡವಿದರು, ಮತ್ಯಾರೋ ಬಾಯಿಗೆ ಒದ್ದರು. ಕೆನ್ನೆ ನೆಲಕ್ಕೆ ಹತ್ತಿತು.

ಆಗ ಕಂಡಿತು. ಬೋರಿಂಗಿನ ಬುಡದಲ್ಲಿ, ಎಲ್ಲ ಕಲ್ಲುಗಳಿಗಿಂತ ಮುಂದೆ, ನನ್ನ ಕೆಂಪು ಕಲ್ಲು ಇತ್ತು. ನುಣುಪು ಬದಿ ಮೇಲೆ ಮಾಡಿ ಇಟ್ಟಿದ್ದಳು. ಆಕೆಯ ಕಿವಿಯಿಂದ ಇಳಿದ ರಕ್ತ ಆ ನುಣುಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ತಂಬಿಗೆ ನೀರು ಕೊಟ್ಟವರಲ್ಲಿ ಒಬ್ಬಾಕೆ ನಸುಕಿನಲ್ಲೇ ಹೋಗಿ ನನ್ನ ಕೂಸಿನ ಸ್ಥಿತಿ ಹೇಳಿದ್ದಳು. ಯಾರ ಜಡ್ಡಿಗೂ ಕಲ್ಲು ಸರಿಸದಿದ್ದ ಅಕ್ಕ ಅಂದು ಮೊದಲ ಸಲ ಸರಿಸಿದ್ದಳು. ನನಗೆ ಬುಡದ ಕಡೆ ನೋಡಬೇಕೆಂದು ಹೊಳೆಯಲೇ ಇಲ್ಲ.

ಆಕೆ ಕಿವಿಗೆ ಸೆರಗು ಒತ್ತಿಕೊಂಡು ಕೂತಲ್ಲಿಂದಲೇ ಗದರಿಸಿದಳು. "ಆಕಿ ಕೊಡ ಇಡ್ರಿ ಮೊದಲ. ಜಗ್ಗಿ ಏರಿಸಿದ ನೀರ ಕೆಳಗ ಇಳದ ಹೊಂಟೈತಿ."

ಯಾರೋ ತುಂಬಿಸಿಕೊಟ್ಟರು. ನಾನು ಕೊಡ ಹೊತ್ತುಕೊಂಡು ಮನೆಗೆ ಹೋದೆ. ಆಕೆಯನ್ನು ಎತ್ತಲಿಲ್ಲ, ತಿರುಗಿ ನೋಡಲಿಲ್ಲ. ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಸಂಜೆಯ ಹೊತ್ತಿಗೆ ಕೂಸು ಕಣ್ಣು ಬಿಟ್ಟು ಚಮಚ ಕಚ್ಚಿ ಹಿಡಿಯಿತು.

ಅಷ್ಟರಲ್ಲಿ ಅಕ್ಕನ ಮಗ ಬಡಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದು, ನನ್ನ ಗಂಡನ ಮೊಣಕೈಗೆ ಒಂದು ಬಿಟ್ಟಾಗಿತ್ತು. ಯಾರೋ ಹೋಗಿ ಪೊಲೀಸನನ್ನೂ ಕರೆತಂದರು. ತಲೆಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಅಕ್ಕ ನಮ್ಮ ಕಟ್ಟೆಯ ಮೇಲೆ ಕೂತು, ಮಗನ ಕೈಯಿಂದ ಬಡಿಗೆ ಕಸಿದು ಬೀದಿಗೆ ಒಗೆದಳು. ಬೋರಿಂಗಿನ ಹತ್ತಿರ ಹಾವಸಿಗೆ ಕಾಲು ಜಾರಿತು ಅಂದಳು. ಜಾರಿ ಬಿದ್ದರೆ ಕಿವಿಯ ಹಿಂದೆ ಹೇಗೆ ಒಡೆಯುತ್ತದೆ ಎಂದು ಪೊಲೀಸ ಕೇಳಿದ.

"ಬಿದ್ದಾಕಿ ನಾನ್ರಿ. ನಿಮಗ ಹೆಂಗ ಗೊತ್ತಾಕ್ಕೈತಿ?"

ಅವನು ಹೋದ ಮೇಲೆ ನಾನು ಆಕೆಯ ಕಾಲು ಹಿಡಿಯಲು ಬಗ್ಗಿದೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ನಿನ್ನ ಸಲುವಾಗಿ ಹೇಳಿಲ್ಲ ನಾ. ಹಿಂದಿನ ಓಣ್ಯಾಗ ಬಡದಾಡಿ ಕೇಸ್ ಆಗಿದ್ದಕ್ಕ ಹಿಡಿಕಿಗೆ ಸರಪಳಿ ಹಾಕಿ ಕೀಲಿ ಜಡದಾರ. ಇಲ್ಲೂ ಜಡದ್ರ ನಲವತ್ತ ಮನಿ ಏನ್ ಕುಡಿಬೇಕು?"

ಅದೇ ಆಕೆ ನನಗೆ ಆಡಿದ ಕೊನೆಯ ಮಾತು. ಎಡಗಿವಿ ಮತ್ತೆ ಕೇಳಲಿಲ್ಲ. ಮುಂದೆ ಎಷ್ಟೋ ವರ್ಷ ದಿನಾ ಬೆಳಗ್ಗೆ ಆಕೆಯ ಮುಂದೆ ಕೊಡ ಹಿಡಿದು ನಿಂತೆ. ನನ್ನ ಕಲ್ಲು ಎಲ್ಲಿ ಇರಬೇಕೋ ಅಲ್ಲೇ ಇರುತ್ತಿತ್ತು, ಒಂದು ಮುಂದಿಲ್ಲ, ಒಂದು ಹಿಂದಿಲ್ಲ. ಆಕೆ ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಎರಡು ಬಾರಿಸಿದ್ದರೆ ಎಷ್ಟೋ ಆರಾಮ ಇರುತ್ತಿತ್ತು. ನನ್ನ ಸರದಿಯಲ್ಲಿ ಯಾರಾದರೂ ನುಗ್ಗಿದರೆ, ಕೇಳದ ಕಿವಿಯ ಕಡೆಯಿಂದಲೇ ಅವರ ಜಡೆಗೆ ಕೈ ಹಾಕುತ್ತಿದ್ದಳು.

ಮನೆಮನೆಗೆ ನಳ ಬಂದ ಮೇಲೆ ಬೋರಿಂಗು ತುಕ್ಕು ಹಿಡಿಯಿತು. ಅದಾಗಿ ಕೆಲವು ವರ್ಷಕ್ಕೆ ಅಕ್ಕ ತೀರಿಕೊಂಡಳು. ಸುದ್ದಿ ಕೇಳಿದ ತಕ್ಷಣ ನಾನು ಮಾಡಿದ್ದು ಒಂದೇ ಕೆಲಸ, ಆ ತಗ್ಗು ಬಿದ್ದ ಕೊಡ ತುಂಬಿ ತಲೆಯ ಮೇಲೆ ಇಟ್ಟುಕೊಂಡು ಆಕೆಯ ಮನೆಗೆ ಹೊರಟೆ. ಹೆಣ ಇದ್ದ ಮನೆಗೆ ಮೊದಲ ನೀರು. ಬಾಗಿಲಲ್ಲಿ ಆಕೆಯ ಸೊಸೆ ನನ್ನನ್ನು ನೋಡಿ ಗಾಬರಿಯಾದಳು.

"ಇದ್ಯಾಕ ಹೊತ್ತ ತಂದ್ರಿ ಅತ್ತಿ? ನಮ್ಮ ಮನ್ಯಾಗೂ ನಳ ಐತೆಲ್ರಿ. ಮೈ ತೊಳದ ಮುಗಿಸೇವಿ."

ಕೊಡ ಇಳಿಸಲು ಜಾಗ ಕಾಣಲಿಲ್ಲ. ಹೊತ್ತುಕೊಂಡೇ ತಿರುಗಿ ಬಂದೆ.

ಈಗ ಟಿವಿಯಲ್ಲಿ ಎಲ್ಲೋ ದೂರದ ದೇಶದಲ್ಲಿ ಟ್ಯಾಂಕರಿಗೆ ಮುಕುರಿದ ಹೆಂಗಸರನ್ನು ತೋರಿಸುತ್ತಾರೆ. ಮಗಳು ಅಯ್ಯೋ ಪಾಪ ಅನ್ನುತ್ತಾಳೆ. ನಾನು ಅವರಲ್ಲಿ ಯಾರ ಕೈ ಮೊದಲು ಏಳುತ್ತದೆ ಎಂದು ನೋಡುತ್ತ ಕೂಡುತ್ತೇನೆ. ನನ್ನ ಕೊಡ ಎಲ್ಲಿ ಬಡಿಯಿತು, ಯಾಕೆ ಬಡಿಯಿತು ಎಂದು ಮಗಳಿಗೆ ಇವತ್ತಿಗೂ ಹೇಳಿಲ್ಲ.

ಪಾತ್ರೆಯವನು ಸುತ್ತಿಗೆ ಎತ್ತಿ, "ಎರಡ ಏಟಿಗೆ ಸರಿ ಮಾಡ್ತೇನ್ರಿ" ಅಂದ. ಬೇಡ ಅಂದೆ. ಕೊಡವನ್ನು ಒಳಗೆ ತಂದು, ಬಚ್ಚಲ ನಳ ಬಿಟ್ಟು ಕಂಠದವರೆಗೆ ತುಂಬಿ ಇಟ್ಟಿದ್ದೇನೆ. ಕುಡಿಯುವವರು ಯಾರೂ ಇಲ್ಲ. ದಿನಾ ಬೆಳಗ್ಗೆ ಚೆಲ್ಲಿ ಮತ್ತೆ ತುಂಬುತ್ತೇನೆ. ಆಕೆ ನೋಡಿದ್ದರೆ ನೀರು ಚೆಲ್ಲಿದ್ದಕ್ಕೆ ಬಾರಿಸುತ್ತಿದ್ದಳು.