ಆಮೇಲೆ ಮೇಡಂ
ನಾನು ಕಸ ಗುಡಿಸುತ್ತಿದ್ದ ಶಾಲೆಯಲ್ಲಿ ಕತೆ ಬರೆಸುವ ಮೇಡಂಗೆ ಮಕ್ಕಳಿಟ್ಟ ಹೆಸರು 'ಆಮೇಲೆ ಮೇಡಂ'. ನಾನು ಎಸೆಯುವ ಗುಂಡಿ, ಗರಿ, ಮುರಿದ ಬಾಚಣಿಗೆ ಎಲ್ಲ ಅವರಿಗೆ ಬಂಗಾರ. "ತಡಿ ಅಜ್ಜಿ, ಅದರಲ್ಲಿ ಕತೆ ಇದೆ!" ಅಂತ ಮೊರದಿಂದಲೇ ಎತ್ತಿಕೊಂಡು ಮೇಜಿನ ಮೇಲಿಟ್ಟು, "ಇದು ಯಾರದು, ಬರೀರಿ ನೋಡೋಣ" ಅನ್ನೋರು. ಮಕ್ಕಳು ಏನು ಬರೆದು ಓದಿದರೂ ತಪ್ಪು ಹುಡುಕದೆ, ಗಲ್ಲಕ್ಕೆ ಕೈ ಕೊಟ್ಟು, "ಆಮೇಲೆ?" ಅಷ್ಟೇ. ಸೂರು ಕುಸಿದರೂ ಧೂಳು ಕೊಡವಿಕೊಂಡು "ಆಮೇಲೆ?" ಅಂತಿದ್ದರೇನೋ! ತಾಯಿ ತೀರಿಕೊಂಡ ಮೇಲೆ ಒಂದಕ್ಷರವೂ ಬರೆಯದ ಹುಡುಗಿಯೊಬ್ಬಳಿದ್ದಳು. ಅವಳ ಖಾಲಿ ಹಾಳೆಯನ್ನೂ ದಿನಾ ನೋಡಿ ಮೆಲ್ಲಗೆ ಅದನ್ನೇ ಕೇಳೋರು. ಒಂದು ದಿನ ಮೇಜಿನ ಮೇಲೆ ತುಕ್ಕು ಹಿಡಿದ ಬೀಗದಕೈ ಇತ್ತು. ಆ ಹುಡುಗಿ ಬರೆದು, ಪಿಸುದನಿಯಲ್ಲಿ ಓದಿದಳು: "ಇದು ಅಮ್ಮಂದು. ಮರೆತು ಹೋಗಿದ್ದಾಳೆ. ಹೊರಗೆ ನಿಂತಿದ್ದಾಳೆ." ಮೇಡಂ ಅವತ್ತು ಏನೂ ಕೇಳಲಿಲ್ಲ. ಎದ್ದು ಹೋಗಿ ತರಗತಿಯ ಬಾಗಿಲು ತೆರೆದಿಟ್ಟರು.