ಚಾಕಣದ ಠಾಣೆಯನ್ನು ಕೈಬಿಟ್ಟ ಮೇಡಂ

ಮೇಡಂ ಯಾರನ್ನು ಮಾತಾಡಿಸುವಾಗಲೂ ಎಡಗಣ್ಣನ್ನು ಅರ್ಧ ಮುಚ್ಚುತ್ತಿದ್ದರು. ಹರೆಯದಲ್ಲಿ ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಉಷ್ಣಮಾಪಕದ ಪಾದರಸ ನೋಡಿದ ಅಭ್ಯಾಸ ಅದು. ಆ ಕಣ್ಣಿನ ಸುತ್ತ ಸುಕ್ಕೂ ಹೆಚ್ಚಿತ್ತು.

ಪುಣೆಯ ಹವಾಮಾನ ಸಂಶೋಧನಾ ಕಚೇರಿಯೊಂದರಲ್ಲಿ ಅವರು ಹಿರಿಯ ವಿಜ್ಞಾನಿ. ವಿಜಯಪುರದ ಕಡೆಯವರು. ನಾನು ಹಾಸನದಿಂದ ಬಂದು ಕೆಲಸಕ್ಕೆ ಸೇರಿದ ದಿನ, ಸುತ್ತಲಿನ ಮರಾಠಿ ಅರ್ಥವಾಗದೆ ಪೆಚ್ಚಾಗಿ ಕೂತಿದ್ದೆ. ಅವರು ತಮ್ಮ ಡಬ್ಬಿ ನನ್ನ ಮುಂದೆ ಸರಿಸಿ, "ಉಣ್ಣು ತಂಗಿ. ಶೇಂಗಾ ಚಟ್ನಿ ಭಾಳ ಖಾರ ಅದ, ನೋಡ್ಕೊಂಡು" ಎಂದರು. ಆ ಊರಲ್ಲಿ ನನಗೆ ಯಾರೋ ಇದ್ದಾರೆ ಅನ್ನಿಸಿದ್ದು ಆಗಲೇ.

ಈ ಭಾಗದ ತಾಪಮಾನ ದಶಕಗಳಲ್ಲಿ ಎಷ್ಟು ಏರಿದೆ ಎಂಬ ವರದಿ ನಮ್ಮಿಬ್ಬರ ಪಾಲಿಗೆ ಬಂತು. ಯಾವ ಹವಾಮಾನ ಠಾಣೆಗಳ ಅಂಕಿ ಸೇರಿಸಬೇಕು ಎಂಬಲ್ಲೇ ತಕರಾರು ಶುರುವಾಯಿತು. ಪುಣೆ ಹತ್ತಿರದ ಚಾಕಣ ಊರಿನ ಹೊರಗಿನ ಠಾಣೆಯ ದಾಖಲೆ ಎಲ್ಲಕ್ಕಿಂತ ಹಳೆಯದು. ಅದನ್ನು ಸೇರಿಸಿದರೆ ಏರಿಕೆಯ ಗೆರೆ ಕಡಿದಾಗಿ ಕಾಣುತ್ತಿತ್ತು. ನಿರ್ದೇಶಕರಿಗೆ ಅದೇ ಬೇಕಿತ್ತು. ಮೇಡಂ ಮೊಟ್ಟಮೊದಲು ಕೆಲಸ ಮಾಡಿದ್ದೂ ಆ ಠಾಣೆಯಲ್ಲೇ.

"ನೋಡದ ಆರಿಸೂದು ಬ್ಯಾಡ" ಎಂದು ನನ್ನನ್ನು ಅಲ್ಲಿಗೆ ಕರೆದೊಯ್ದರು. ಒಂದು ಕಾಲಕ್ಕೆ ಈರುಳ್ಳಿ ಹೊಲಗಳ ನಡುವೆ ಇದ್ದ ಉಷ್ಣಮಾಪಕದ ಬಿಳಿ ಪೆಟ್ಟಿಗೆಯ ಸುತ್ತ ಈಗ ಡಾಂಬರು, ಸಾಲುಗಟ್ಟಿದ ಲಾರಿಗಳು, ಹಿಂದೆ ಕಾರ್ಖಾನೆಯ ಗೋಡೆ. ಮೇಡಂ ಪೆಟ್ಟಿಗೆಯ ಬಾಗಿಲು ತೆರೆದು, ಎಡಗಣ್ಣು ಅರ್ಧ ಮುಚ್ಚಿ ಪಾದರಸ ನೋಡಿದರು.

"ಮುಂಜಾನೆ ಬಂದ್ರ ಸೀರಿ ಅಂಚೆಲ್ಲ ಇಬ್ಬನಿಗೆ ತೋಯ್ತಿತ್ತು" ಎಂದರು. ಆಮೇಲೆ, "ಇದನ್ನ ಬಿಟ್ಟಬಿಡೋಣು" ಎಂದರು.

ನಿರ್ದೇಶಕರು ಒಪ್ಪಲಿಲ್ಲ. ಏರಿಕೆ ಕಡಿಮೆ ತೋರಿಸಿದರೆ ಜನ ಎಚ್ಚೆತ್ತುಕೊಳ್ಳುವುದಿಲ್ಲ ಎಂದು ರೇಗಿದರು. ಮೇಡಂ ಮೆತ್ತಗೆ ಮರಾಠಿಯಲ್ಲಿ ಉತ್ತರ ಕೊಟ್ಟು ಹೊರಗೆ ಬಂದರು. ಅದನ್ನೇ ನನಗೆ ಕನ್ನಡದಲ್ಲಿ ಹೇಳಿದರು: "ಅಲ್ಲಿ ಇರೋರಿಗೆ ಆ ಸೆಕಿ ಖರೇನ. ಅದನ್ನ ಬ್ಯಾರೆ ಬರಿಯೋಣು. ಲಾರಿ ಸ್ಟ್ಯಾಂಡಿನ ಸೆಕಿ ತಂದು ಇಡೀ ಸೀಮಿಗೆ ಹಚ್ಚಬಾರದು."

ಚಾಕಣವನ್ನು ಬಿಟ್ಟೇ ಲೆಕ್ಕ ಮಾಡಿದೆವು. ಗೆರೆ ತಗ್ಗಿತು, ಆದರೂ ಮೇಲಕ್ಕೇ ಹೋಗುತ್ತಿತ್ತು. ಮೇಡಂ ಕಂಪ್ಯೂಟರಿನ ಮುಂದೆ ಬಾಗಿ, "ಏರೇದ ನೋಡು. ಇನ್ನ ಯಾರ ಕೇಳಿದ್ರೂ ಎದಿ ತಟ್ಟಿ ಹೇಳಬಹುದು" ಎಂದರು. ಆ ದನಿಯಲ್ಲಿ ಸಂತೋಷವಿರಲಿಲ್ಲ. ನಿರ್ದೇಶಕರು ಒಪ್ಪದಿದ್ದರೂ ಮೇಡಂ ಸಹಿಯೊಂದಿಗೆ ವರದಿ ಹಾಗೆಯೇ ಹೋಯಿತು. ಅವರ ಬಡ್ತಿ ಮಾತ್ರ ಬರಲೇ ಇಲ್ಲ. ಅದರ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ.

ಹೋದ ಬೇಸಿಗೆಯಲ್ಲಿ ಪುಣೆಯ ಕೋಥರೂಡ ಬಡಾವಣೆಯ ಮನೆಯಲ್ಲಿ ಮೇಡಂ ತೀರಿಕೊಂಡರು. "ಎಸಿ ಬಂದ್ ಮಾಡವ್ವಾ, ಕಿಟಕಿ ತೆಗಿ. ಹೊರಗ ಹೆಂಗದ ತಿಳೀಲಿ" ಎಂದು ಮಗಳಿಗೆ ಹೇಳಿದ್ದೇ ಕೊನೆಯ ಮಾತಂತೆ. ನಾನು ಹೋದಾಗ ಕಿಟಕಿ ತೆರೆದೇ ಇತ್ತು. ಹೊಂಗೆ ಮರದ ಮೇಲಿಂದ ಬಂದ ಗಾಳಿ ಖಾಲಿ ಮಂಚದ ಮೇಲೆ ಹಾಯುತ್ತಿತ್ತು. ಇವತ್ತು ಸೆಕೆ ಹೆಚ್ಚೋ ಕಡಿಮೆಯೋ ಎಂದು ಅವರನ್ನೇ ಕೇಳಬೇಕೆನಿಸಿತು.